ತೊಳೆದೇ ಕತ್ತರಿಸಿದ್ದು, ಆದರೂ ನಾಲ್ಕು ಜನಕ್ಕೆ ಹೊಟ್ಟೆ ಕೆಟ್ಟಿತು. ಎಲ್ಲಿ ತಪ್ಪಿದೆ?

ಮೂರನೇ_ಒಲೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ವಾರದಿಂದ ಇದೇ ತಲೆ ಕೊರೆಯುತ್ತಿದೆ.

ಹೋದ ಶನಿವಾರ ಮಧ್ಯಾಹ್ನ ಮನೆಯಲ್ಲಿ ಏಳು ಜನ ಊಟಕ್ಕಿದ್ದೆವು. ಅಡುಗೆ ನನ್ನದೇ. ಕೋಳಿ ಚೆನ್ನಾಗಿ ಬೆಂದಿತ್ತು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಜೊತೆಗೆ ಒಂದು ದೊಡ್ಡ ಬೋಗುಣಿ ತುಂಬ ಸಲಾಡ್. ಲೆಟಿಸ್, ಸೌತೆಕಾಯಿ, ಟೊಮೆಟೊ, ಕ್ಯಾರೆಟ್, ಮೇಲೆ ಒಂದಿಷ್ಟು ಕೊತ್ತಂಬರಿ. ಕೊನೆಗೆ ದ್ರಾಕ್ಷಿ ಮತ್ತು ಕರ್ಬೂಜ. ಭಾನುವಾರ ರಾತ್ರಿ ಹನ್ನೊಂದರ ಹೊತ್ತಿಗೆ ನನ್ನ ಗೆಳೆಯ ಫೋನ್ ಮಾಡಿ ಅವನ ಮಗಳಿಗೆ ಭೇದಿ, ಜ್ವರ ಎಂದ. ಅವಳಿಗೆ ಐದು ವರ್ಷ. ಸೋಮವಾರ ಬೆಳಗ್ಗೆ ನಾನು, ನನ್ನ ಹೆಂಡತಿ, ಮಾವ, ಮೂವರೂ ಸಾಲಾಗಿ ಬಿದ್ದೆವು. ಒಂದೇ ಬಚ್ಚಲು ಇರುವ ಮನೆಯಲ್ಲಿ ಮೂರು ಜನಕ್ಕೆ ಒಟ್ಟಿಗೆ ಹೀಗಾದರೆ ಏನು ಪಾಡು, ನೀವೇ ಊಹಿಸಿಕೊಳ್ಳಿ. ಈಗ ಎಲ್ಲರೂ ಸರಿಹೋಗಿದ್ದೇವೆ. ಮಗು ಮಾತ್ರ ಎರಡು ದಿನ ಆಸ್ಪತ್ರೆಯಲ್ಲಿತ್ತು. ಅದೇ ನನಗೆ ಚುಚ್ಚುತ್ತಿರುವುದು.

ಡಾಕ್ಟರು "ಹಸಿ ತರಕಾರಿ ಏನಾದರೂ ತಿಂದಿದ್ದಿರಾ" ಎಂದು ಕೇಳಿದರು. ತಿಂದಿದ್ದೆವು. ಆದರೆ ನಾನು ಸುಮ್ನೆ ಹಾಗೇ ಕತ್ತರಿಸಿ ಹಾಕುವ ಜಾತಿಯವನಲ್ಲ. ಲೆಟಿಸ್ ಉಪ್ಪುನೀರಿನಲ್ಲಿ ಹತ್ತು ನಿಮಿಷ ನೆನೆಸಿದ್ದೆ. ಸೌತೆಕಾಯಿ, ಟೊಮೆಟೊ ನಲ್ಲಿ ಕೆಳಗೆ ಹಿಡಿದು ತೊಳೆದಿದ್ದೆ. ಇದಕ್ಕಿಂತ ಜಾಸ್ತಿ ಇನ್ನೇನು ಮಾಡಬೇಕು? ವಿನೆಗರ್ ಹಾಕಬೇಕಾ? ಅಡುಗೆ ಸೋಡಾ? ತರಕಾರಿ ತೊಳೆಯುವುದಕ್ಕೆಂದೇ ಬಾಟಲಿಯಲ್ಲಿ ದ್ರಾವಣ ಮಾರುತ್ತಾರಲ್ಲ, ಅದರಿಂದ ಏನಾದರೂ ಉಪಯೋಗ ಇದೆಯಾ? ಆಫೀಸಿನಲ್ಲಿ ಒಬ್ಬರು "ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ ಹಾಕಿ ಸಾಕು" ಎಂದರು. ಇನ್ನೊಬ್ಬರು "ಹಸಿಯಾಗಿ ತಿನ್ನೋದೇ ಬಿಟ್ಟುಬಿಡಿ" ಎಂದರು. ಬಿಡುವ ಮನಸ್ಸಿಲ್ಲ. ಗೊತ್ತಿದ್ದವರು ಹೇಳಿ.

ದೊಡ್ಡಪಾತ್ರೆ:

ಮಗು ಹುಷಾರಾಯಿತಲ್ಲ, ಅಷ್ಟು ಸಾಕು. ನಾನು ಹದಿನಾಲ್ಕು ವರ್ಷ ಕ್ಯಾಂಟೀನ್ ಅಡುಗೆಮನೆಯಲ್ಲಿದ್ದವನು. ದಿನಾ ಮುನ್ನೂರು ತಟ್ಟೆ. ಓದಿದ್ದು ಕಡಿಮೆ, ಬೈಸಿಕೊಂಡು ಕಲಿತದ್ದು ಜಾಸ್ತಿ.

ಮೊದಲು ಉಪ್ಪುನೀರಿನ ವಿಷಯ. ಅದು ಹುಳ ಬಿಡಿಸುವುದಕ್ಕೆ. ಹೂಕೋಸಿನೊಳಗೆ ಕೂತ ಹಸಿರು ಹುಳ, ಎಲೆಗೆ ಅಂಟಿದ ಹೇನು, ಇವು ಉಪ್ಪುನೀರಿಗೆ ಸಡಿಲವಾಗಿ ಕಳಚಿಕೊಂಡು ತೇಲುತ್ತವೆ. ಹೊಟ್ಟೆ ಕೆಡಿಸುವ ಕಣ್ಣಿಗೆ ಕಾಣದ ಜಾತಿಗೆ ಅಡುಗೆಮನೆಯ ಒಂದು ಹಿಡಿ ಉಪ್ಪು ಲೆಕ್ಕಕ್ಕೇ ಇಲ್ಲ. ಅದೂ ಅಲ್ಲದೆ ಎಲ್ಲ ಎಲೆಯನ್ನೂ ಒಂದೇ ಬೋಗುಣಿಯಲ್ಲಿ ನೆನೆಹಾಕಿದರೆ ಒಂದು ಎಲೆಯ ಕೊಳೆ ಉಳಿದ ಇಪ್ಪತ್ತು ಎಲೆಗೂ ಹಂಚಿಕೆ ಆಗುತ್ತದೆ.

ಆದರೆ ನಿಮ್ಮ ಕಥೆಯಲ್ಲಿ ನನಗೆ ಅನುಮಾನ ಲೆಟಿಸ್ ಮೇಲಲ್ಲ. ಕೆಲವು ಪ್ರಶ್ನೆ ಕೇಳುತ್ತೇನೆ, ಮುಚ್ಚಿಡದೆ ಹೇಳಿ. ಸೌತೆಕಾಯಿ, ಟೊಮೆಟೊ ತೊಳೆದೆ ಎಂದಿರಿ. ಕರ್ಬೂಜ ತೊಳೆದಿರಾ? ಎಷ್ಟು ಗಂಟೆಗೆ ಕತ್ತರಿಸಿದಿರಿ, ಎಷ್ಟು ಗಂಟೆಗೆ ತಿಂದಿರಿ, ನಡುವೆ ಎಲ್ಲಿತ್ತು? ಕೋಳಿ ಕತ್ತರಿಸಿದ ಹಲಗೆ ಯಾವುದು, ಸಲಾಡ್ ಕತ್ತರಿಸಿದ ಹಲಗೆ ಯಾವುದು? ಆಮೇಲೆ, ಇದು ಮುಖ್ಯ, ಏಳು ಜನರಲ್ಲಿ ಯಾರ್ಯಾರು ಏನೇನು ತಿಂದರು ಒಂದು ಹಾಳೆಯಲ್ಲಿ ಬರೆಯಿರಿ. ಬಿದ್ದವರು ನಾಲ್ಕು ಜನ. ಬೀಳದ ಮೂರು ಜನ ಏನು ತಿಂದಿಲ್ಲ ಎಂದು ನೋಡಿ.

ಹುಳಿಹುಳಿ:

ಇಷ್ಟೆಲ್ಲ ಪತ್ತೇದಾರಿ ಯಾಕೆ? ನಮ್ಮ ಮನೆಯಲ್ಲಿ ಒಂದು ಟಬ್ ನೀರಿಗೆ ಅರ್ಧ ಲೋಟ ವಿನೆಗರ್, ಮೇಲೆ ನಾಲ್ಕು ಹನಿ ಬ್ಲೀಚ್. ಎಲ್ಲ ತರಕಾರಿ ಅದರಲ್ಲಿ ಅರ್ಧ ಗಂಟೆ. ಆರು ವರ್ಷದಿಂದ ಒಬ್ಬರಿಗೂ ಏನೂ ಆಗಿಲ್ಲ. ವಾಸನೆ ಸ್ವಲ್ಪ ಮೂಗಿಗೆ ಹೊಡೆಯುತ್ತೆ, ಅಷ್ಟೇ.

ಪೆಟ್ರಿತಟ್ಟೆ:

ಹುಳಿಹುಳಿ ಅವರೇ, ದಯವಿಟ್ಟು ಇವತ್ತೇ ನಿಲ್ಲಿಸಿ. ವಿನೆಗರ್ ಆಮ್ಲ. ಬ್ಲೀಚ್ ಜೊತೆ ಯಾವ ಆಮ್ಲ ಸೇರಿದರೂ ಕ್ಲೋರಿನ್ ಅನಿಲ ಏಳುತ್ತದೆ. ಮೂಗಿಗೆ ಹೊಡೆಯುವುದು ಅದೇ. ನಾಲ್ಕು ಹನಿ ಎಂದು ಬಚಾವಾಗಿದ್ದೀರಿ, ಯಾವತ್ತಾದರೂ ಕೈ ತಪ್ಪಿ ಒಂದು ಮುಚ್ಚಳ ಬಿದ್ದರೆ, ಕಿಟಕಿ ಮುಚ್ಚಿದ್ದರೆ, ಕೆಮ್ಮುತ್ತಾ ಆಚೆ ಓಡಬೇಕಾಗುತ್ತದೆ. ತರಕಾರಿ ತೊಳೆಯುವ ದೊಡ್ಡ ಘಟಕಗಳಲ್ಲಿ ಕ್ಲೋರಿನ್ ಬಳಸುವುದು ನಿಜ, ಆದರೆ ಅಲ್ಲಿ ಅಳತೆ ನೋಡಲು, ಹುಳಿ ಎಷ್ಟಿದೆ ನೋಡಲು ಮೀಟರ್ ಹಿಡಿದು ಒಬ್ಬರು ನಿಂತಿರುತ್ತಾರೆ. ಮನೆಯಲ್ಲಿ ಕಣ್ಣಳತೆಯಲ್ಲಿ ಮಾಡುವ ಕೆಲಸ ಅಲ್ಲ.

ನಾನು ಆಹಾರ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಮೂರನೇ ಒಲೆಯವರು ಕೇಳಿದ ಸೋಡಾ, ವಿನೆಗರ್, ಸೋಪು ಪ್ರಶ್ನೆಯಲ್ಲಿ ಒಂದು ಗೊಂದಲ ಇದೆ, ಎಲ್ಲರಿಗೂ ಇರುವ ಗೊಂದಲವೇ. ಕೀಟನಾಶಕದ ಅಂಶ ಬೇರೆ, ಬ್ಯಾಕ್ಟೀರಿಯಾ ಬೇರೆ. ಅಡುಗೆ ಸೋಡಾ ಒಳ್ಳೆಯದು ಎನ್ನುವ ಮಾತಿನ ಹಿಂದೆ ಒಂದು ನಿಜವಾದ ಪ್ರಯೋಗ ಇದೆ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಒಂದು ಕೀಟನಾಶಕ, ಒಂದು ಶಿಲೀಂಧ್ರನಾಶಕ ಹಚ್ಚಿ, ಶೇ. 1ರಷ್ಟು ಸೋಡಾ ಇರುವ ನೀರಿನಲ್ಲಿ ಇಟ್ಟು ನೋಡಿದರು. 12ರಿಂದ 15 ನಿಮಿಷದಲ್ಲಿ ಸಿಪ್ಪೆಯ ಮೇಲ್ಮೈಯಲ್ಲಿದ್ದದ್ದು ಹೋಯಿತು. ಸಿಪ್ಪೆಯೊಳಗೆ ಇಳಿದಿದ್ದದ್ದು ಹೋಗಲಿಲ್ಲ. ಇಡೀ ಪ್ರಯೋಗ ಔಷಧಿ ಅಂಶದ ಬಗ್ಗೆ. ನಿಮ್ಮ ಹೊಟ್ಟೆ ಕೆಡಿಸಿದ್ದು ಅದಲ್ಲ. ಜ್ವರ ಬಂದಿದೆ, ಒಂದು ದಿನ ತಡವಾಗಿ ಬಂದಿದೆ, ಒಬ್ಬರಾದ ಮೇಲೆ ಒಬ್ಬರಿಗೆ ಬಂದಿದೆ. ಇದು ಜೀವ ಇರುವ ಏನೋ ಒಂದು.

ವಿನೆಗರ್ ಬ್ಯಾಕ್ಟೀರಿಯಾವನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಎಲ್ಲವನ್ನೂ ಕೊಲ್ಲುವುದಿಲ್ಲ. ಹರಿಯುವ ನೀರಿನಲ್ಲಿ ಕೈಯಿಂದ ಚೆನ್ನಾಗಿ ಉಜ್ಜಿದರೆ ಆಗುವ ಲಾಭದ ಮುಂದೆ ಅದು ದೊಡ್ಡದೇನೂ ಅಲ್ಲ, ಎಲೆ ಮಾತ್ರ ಬೇಗ ಸೊರಗುತ್ತದೆ. ಪಾತ್ರೆ ಸೋಪು ಬೇಡವೇ ಬೇಡ. ಹಣ್ಣು-ತರಕಾರಿ ಸ್ಟೀಲ್ ತಟ್ಟೆಯಲ್ಲ, ಅದಕ್ಕೆ ರಂಧ್ರಗಳಿವೆ, ಸೋಪು ಒಳಗಿಳಿದು ಕೂತರೆ ಅದರಿಂದಲೇ ಹೊಟ್ಟೆ ತೊಳಸುತ್ತದೆ. ಬಾಟಲಿ ದ್ರಾವಣಕ್ಕೆ ದುಡ್ಡು ಹಾಕುವ ಅಗತ್ಯ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಬರೀ ಹರಿಯುವ ನೀರು ಸಾಕು ಎನ್ನುತ್ತದೆ. ಒಂದೇ ಷರತ್ತು, ಆ ನೀರು ಕುಡಿಯಲು ಯೋಗ್ಯವಾಗಿರಬೇಕು. ನಿಮ್ಮ ನಲ್ಲಿ ನೀರನ್ನು ನೀವು ಹಾಗೇ ಕುಡಿಯುವುದಿಲ್ಲ ಎಂದಾದರೆ, ಅದರಲ್ಲಿ ಉಜ್ಜಿ ತೊಳೆದು, ಕೊನೆಯ ಸಲಕ್ಕೆ ಕುದಿಸಿ ಆರಿಸಿದ ನೀರು ಸುರಿಯಿರಿ.

ಇನ್ನೊಂದು ಕಹಿ ಮಾತು. ತೊಳೆಯುವುದರಿಂದ ಸಂಖ್ಯೆ ಕಡಿಮೆಯಾಗುತ್ತದೆ, ಸೊನ್ನೆ ಆಗುವುದಿಲ್ಲ. ಹತ್ತರಲ್ಲಿ ಒಂಬತ್ತು ಪಾಲು ಹೋಯಿತು ಎಂದುಕೊಳ್ಳಿ, ಉಳಿದ ಒಂದು ಪಾಲು ಎಲೆಯ ಮಡಿಕೆಯಲ್ಲಿ, ಕಾಯಿಯ ತೊಟ್ಟಿನ ಗುಳಿಯಲ್ಲಿ ಅಂಟಿಕೊಂಡೇ ಇರುತ್ತದೆ. ಅದನ್ನು ಬೆಳೆಯಲು ಬಿಡುತ್ತೇವಾ ಇಲ್ಲವಾ ಎನ್ನುವುದು ಆಮೇಲಿನ ಕೆಲವು ಗಂಟೆಗಳಲ್ಲಿ ನಿರ್ಧಾರವಾಗುತ್ತದೆ. ಅದಕ್ಕೇ ದೊಡ್ಡಪಾತ್ರೆ ಅವರು ಗಡಿಯಾರದ ಪ್ರಶ್ನೆ ಕೇಳಿದ್ದು. ನನ್ನದೂ ಒಂದು ಸೇರಿಸಿ: ಅಡುಗೆ ಮಾಡಿದವರಿಗೆ, ಬಡಿಸಿದವರಿಗೆ ಅದರ ಹಿಂದಿನ ಎರಡು ಮೂರು ದಿನದಲ್ಲಿ ವಾಂತಿ-ಭೇದಿ ಆಗಿತ್ತಾ?

ಹುಳಿಹುಳಿ:

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಬ್ಲೀಚ್ ಬಾಟಲಿ ಬಚ್ಚಲಿಗೆ ಹೋಯಿತು. ಥ್ಯಾಂಕ್ಸ್.

ಮೂರನೇ_ಒಲೆ:

ಹಾಳೆ ತಗೊಂಡು ಕೂತೆ. ಬರೆದು ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಕರ್ಬೂಜ ತೊಳೆದಿರಲಿಲ್ಲ. ಸಿಪ್ಪೆ ತಿನ್ನುವುದಿಲ್ಲ ಅಲ್ವಾ, ಯಾಕೆ ತೊಳೆಯಬೇಕು ಎನ್ನುವುದು ನನ್ನ ತಲೆಯಲ್ಲಿದ್ದದ್ದು. ಬೆಳಗ್ಗೆ ಹತ್ತು ಗಂಟೆಗೆ ಅರ್ಧ ಹಣ್ಣು, ಹನ್ನೆರಡೂವರೆಗೆ ಇನ್ನರ್ಧ, ಹೀಗೆ ಎರಡು ಸಲ ಕತ್ತರಿಸಿದ್ದೆ. ಎರಡನೇ ಸಲದ್ದು ಮಧ್ಯಾಹ್ನವೇ ಖಾಲಿಯಾಯಿತು. ಬೆಳಗಿನದು ಗಾಜಿನ ಬೋಗುಣಿಯಲ್ಲಿ, ಮೇಲೊಂದು ತಟ್ಟೆ ಮುಚ್ಚಿ, ಮೇಜಿನ ಮೇಲೇ ಉಳಿಯಿತು. ಫ್ರಿಜ್‌ನಲ್ಲಿ ಜಾಗ ಇರಲಿಲ್ಲ, ಕೋಳಿ ಪಾತ್ರೆ ಇತ್ತು. ಸಂಜೆ ಏಳಕ್ಕೆ ಮಗು ಹಸಿವು ಎಂದಿತು, ಅದನ್ನು ಕೊಟ್ಟೆವು. ಬೋಗುಣಿಯಲ್ಲಿ ಉಳಿದದ್ದನ್ನು ನಾವು ಮೂವರು ಮಾತಾಡುತ್ತಾ ಮುಗಿಸಿದೆವು. ಉಳಿದ ಮೂವರು ಸಲಾಡ್ ತಿಂದಿದ್ದಾರೆ, ಕೋಳಿ ತಿಂದಿದ್ದಾರೆ, ಮಧ್ಯಾಹ್ನದ ಕರ್ಬೂಜವನ್ನೂ ತಿಂದಿದ್ದಾರೆ. ಸಂಜೆಯದು ಮುಟ್ಟಿಲ್ಲ.

ಹಲಗೆ: ಇರುವುದೇ ಒಂದು. ಕೋಳಿ ಹಿಂದಿನ ರಾತ್ರಿ ಕತ್ತರಿಸಿ ಮಸಾಲೆ ಹಚ್ಚಿ ಇಟ್ಟಿದ್ದೆ. ಹಲಗೆಯನ್ನು ನೀರಿನಲ್ಲಿ ತೊಳೆದು ಒರಗಿಸಿಟ್ಟಿದ್ದೆ. ಸೋಪು ಹಾಕಿದ್ದೆನಾ? ನಿಜ ಹೇಳಬೇಕೆಂದರೆ ನೆನಪಿಲ್ಲ. ಬೆಳಗ್ಗೆ ಎದ್ದು ಮೊದಲು ಕತ್ತರಿಸಿದ್ದು ಆ ಕರ್ಬೂಜವನ್ನೇ.

ಯಾರಿಗೂ ಮುಂಚೆ ಹುಷಾರಿಲ್ಲದೆ ಇರಲಿಲ್ಲ.

ಪೆಟ್ರಿತಟ್ಟೆ:

ಇಷ್ಟು ಬಿಚ್ಚಿ ಬರೆದಿದ್ದಕ್ಕೆ ಮೊದಲು ಧನ್ಯವಾದ. ಮಲದ ಪರೀಕ್ಷೆ, ಹಣ್ಣಿನ ಪರೀಕ್ಷೆ ಇಲ್ಲದೆ "ಇದೇ" ಎಂದು ಯಾರೂ ಹೇಳಲಾರರು. ಏಳು ಜನರ ಲೆಕ್ಕ ತುಂಬ ಚಿಕ್ಕದು. ಆದರೂ ಬೆರಳು ಬೆಳಗಿನ ಆ ಬೋಗುಣಿಯ ಕಡೆಗೇ ತೋರಿಸುತ್ತಿದೆ.

ಕರ್ಬೂಜದ ಸಿಪ್ಪೆಯನ್ನು ಹತ್ತಿರದಿಂದ ನೋಡಿ. ಬಲೆ ಹೆಣೆದ ಹಾಗೆ ಗೀರುಗಳಿರುತ್ತವಲ್ಲ, ಅದರ ಒಂದೊಂದು ಸಂದಿನಲ್ಲೂ ಮಣ್ಣು ಕೂರುತ್ತದೆ. ಹಣ್ಣು ಬೆಳೆದದ್ದು ನೆಲದ ಮೇಲೆ ಮಲಗಿಕೊಂಡು. ಗೊಬ್ಬರ, ಹೊಲಕ್ಕೆ ಬಿಟ್ಟ ನೀರು, ಓಡಾಡಿದ ಪ್ರಾಣಿ, ಕಿತ್ತವರ ಕೈ, ತುಂಬಿದ ಬುಟ್ಟಿ, ಎಲ್ಲದರ ಗುರುತೂ ಅಲ್ಲಿರುತ್ತದೆ. ಈಗ ಚಾಕು ಹಾಕಿ. ಚಾಕು ಮೊದಲು ಮುಟ್ಟುವುದು ಆ ಬಲೆಯನ್ನು. ಅಲ್ಲಿಂದ ನೇರ ತಿರುಳಿಗೆ ಇಳಿಯುತ್ತದೆ, ಇನ್ನೊಂದು ಬದಿಯ ಸಿಪ್ಪೆಯವರೆಗೂ ಹೋಗುತ್ತದೆ. ನೀವು ಸಿಪ್ಪೆ ತಿನ್ನುವುದಿಲ್ಲ, ಸರಿ. ಸಿಪ್ಪೆಯ ಮೇಲಿದ್ದದ್ದನ್ನು ತಿನ್ನುತ್ತೀರಿ.

2011ರಲ್ಲಿ ಅಮೆರಿಕದ ಕೊಲೊರಾಡೊದ ಒಂದು ತೋಟದ ಕರ್ಬೂಜದಿಂದ 28 ರಾಜ್ಯಗಳಲ್ಲಿ 147 ಜನ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ಸಿಕ್ಕಿ, 33 ಜನ ಸತ್ತರು. ತನಿಖೆ ಮಾಡಿದಾಗ ಕಂಡದ್ದು ಏನೋ ವಿಚಿತ್ರ ವಿಷವಲ್ಲ. ಹಣ್ಣು ಪ್ಯಾಕ್ ಮಾಡುವ ಜಾಗದ ನೆಲದಲ್ಲಿ ನಿಂತ ನೀರು, ಸರಿಯಾಗಿ ತೊಳೆಯಲು ಬಾರದ ಹಳೇ ಯಂತ್ರ, ಬಿಸಿ ಹಣ್ಣನ್ನು ಮೊದಲು ಆರಿಸದೆ ನೇರ ತಣ್ಣನೆ ಕೋಣೆಗೆ ತುಂಬಿದ್ದು. ಎಲ್ಲ ಸಿಪ್ಪೆಯ ಮೇಲಿನ ಕಥೆಯೇ.

ಎರಡನೆಯದು ಗಡಿಯಾರ. ಕಿತ್ತಳೆ, ದ್ರಾಕ್ಷಿಯಲ್ಲಿ ಹುಳಿ ಇದೆ, ಬ್ಯಾಕ್ಟೀರಿಯಾ ಅಲ್ಲಿ ಅಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಕರ್ಬೂಜದಲ್ಲಿ ಹುಳಿ ಇಲ್ಲವೇ ಇಲ್ಲ ಎನ್ನಬಹುದು. ಸಿಹಿ, ಪಸೆ, ಕೋಣೆಯ ಬಿಸಿ. ಲ್ಯಾಬ್‌ನಲ್ಲಿ ನಾವು ಬ್ಯಾಕ್ಟೀರಿಯಾ ಬೆಳೆಸಬೇಕೆಂದರೆ ಕೊಡುವುದೂ ಇದನ್ನೇ. ಎಲ್ಲ ಅನುಕೂಲ ಇದ್ದಾಗ ಇ. ಕೋಲೈ ಎಂಬ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಒಂದರಿಂದ ಶುರುವಾದರೆ ಎರಡು ಗಂಟೆಗೆ 64, ನಾಲ್ಕು ಗಂಟೆಗೆ 4,096. ಹಣ್ಣಿನ ಮೇಲೆ ಇಷ್ಟೇ ವೇಗ ಇರಬೇಕೆಂದಿಲ್ಲ, ನಿಧಾನವೂ ಇರಬಹುದು. ಆದರೆ ನಿಮ್ಮ ಬೋಗುಣಿ ಇದ್ದದ್ದು ಒಂಬತ್ತು ಗಂಟೆ. ಅದಕ್ಕೇ ಕತ್ತರಿಸಿದ ಹಣ್ಣು, ಸಲಾಡ್ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು ಎನ್ನುವುದು. ಸೆಕೆ 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದೇ ಗಂಟೆ. ಫ್ರಿಜ್ 4 ಡಿಗ್ರಿಗಿಂತ ಮೇಲಿರಬಾರದು. ಬಾಗಿಲಿನವರೆಗೂ ತುರುಕಿದ ಫ್ರಿಜ್‌ನಲ್ಲಿ ಗಾಳಿಯೇ ಆಡುವುದಿಲ್ಲ, ಅದೂ ಗಮನದಲ್ಲಿರಲಿ. ಫ್ರಿಜ್ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ, ಕೊಲ್ಲುವುದಿಲ್ಲ. ಲಿಸ್ಟೀರಿಯಾ ಅಂತೂ ಫ್ರಿಜ್‌ನಲ್ಲೂ ಬೆಳೆಯುತ್ತದೆ, ಹಾಗಾಗಿ ಇಟ್ಟು ಮರೆಯುವ ಹಾಗಿಲ್ಲ.

ಇನ್ನು ಹಲಗೆ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಕೋಳಿ ಬೇಯುತ್ತದೆ, ಅವು ಸಾಯುತ್ತವೆ. ಹಲಗೆಯ ಗೀರಿನಲ್ಲಿ ಉಳಿದವು ಬೇಯುವುದಿಲ್ಲ. ಕರ್ಬೂಜದ ಸಿಪ್ಪೆಯಿಂದ ಬಂತೋ, ಹಲಗೆಯಿಂದ ಬಂತೋ, ನನಗಿಂತ ಆ ಹಲಗೆಗೇ ಚೆನ್ನಾಗಿ ಗೊತ್ತು. ಹಸಿಯಾಗಿ ತಿನ್ನುವುದಕ್ಕೆ ಒಂದು ಹಲಗೆ, ಹಸಿ ಮಾಂಸಕ್ಕೆ ಇನ್ನೊಂದು. ಇದೊಂದು ಖರ್ಚು ಮಾಡಲೇಬೇಕು.

ಇನ್ನೊಂದು ಮಾತು, ಎಲ್ಲರಿಗೂ. ಹೊಟ್ಟೆ ಕೆಟ್ಟ ತಕ್ಷಣ ಕೊನೆಗೆ ತಿಂದದ್ದನ್ನು ಬೈಯುತ್ತೇವೆ. ಸಾಲ್ಮೊನೆಲ್ಲಾ ತೋರಿಸಿಕೊಳ್ಳಲು 6 ಗಂಟೆಯಿಂದ 6 ದಿನ ಬೇಕು. ಇ. ಕೋಲೈನ ಕೆಟ್ಟ ಜಾತಿಗಳಿಗೆ ಸಾಮಾನ್ಯವಾಗಿ ಮೂರು ನಾಲ್ಕು ದಿನ. ಮಲದಲ್ಲಿ ರಕ್ತ ಕಂಡರೆ, ಕುಡಿದ ನೀರೂ ನಿಲ್ಲದಿದ್ದರೆ, ಮೂರು ದಿನಕ್ಕಿಂತ ಜಾಸ್ತಿ ಎಳೆದರೆ ಡಾಕ್ಟರ ಹತ್ತಿರ ಹೋಗಿ. ಮನೆಯಲ್ಲಿ ಉಳಿದ ಹಳೇ ಆಂಟಿಬಯೋಟಿಕ್ ನುಂಗಬೇಡಿ, ಕೆಲವು ಇ. ಕೋಲೈ ಸೋಂಕಿನಲ್ಲಿ ಅದರಿಂದ ಕಿಡ್ನಿಗೆ ಪೆಟ್ಟು ಬೀಳುವ ಅಪಾಯ ಹೆಚ್ಚುತ್ತದೆ.

ಏಳನೇತಿಂಗಳು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಬಸುರಿ. ಎಲ್ಲರೂ ಮೊಳಕೆಕಾಳು ತಿನ್ನು, ಒಳ್ಳೆಯದು ಎನ್ನುತ್ತಾರೆ. ಮನೆಯಲ್ಲೇ ಮೊಳಕೆ ಕಟ್ಟಿದರೆ ಸುರಕ್ಷಿತ ತಾನೇ? ಚೆನ್ನಾಗಿ ತೊಳೆಯುತ್ತೇನೆ. ಮತ್ತೆ ಹಣ್ಣುಗಳನ್ನು ಫ್ರೀಜರ್‌ನಲ್ಲಿ ಇಟ್ಟರೆ ಸೂಕ್ಷ್ಮಜೀವಿ ಸಾಯುತ್ತವೆ ಎಂದು ಅಕ್ಕ ಹೇಳಿದಳು.

ಪೆಟ್ರಿತಟ್ಟೆ:

ಮೊಳಕೆ ಬೇಯಿಸಿ ತಿನ್ನಿ ತಾಯಿ. ಹಸಿಯಾಗಿ ಬೇಡ. ಮನೆಯದು, ಅಂಗಡಿಯದು ಎಂಬ ಭೇದ ಇಲ್ಲ, ಯಾಕೆಂದರೆ ತೊಂದರೆ ಕಾಳಿನೊಳಗೇ ಬಂದಿರಬಹುದು. ಒಣಗಿದ ಕಾಳಿನ ಸಣ್ಣ ಬಿರುಕಿನಲ್ಲಿ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತದೆ. ನಾವು ನೆನೆಹಾಕಿ, ಬೆಚ್ಚಗೆ ಬಟ್ಟೆಯಲ್ಲಿ ಕಟ್ಟಿ, ಎರಡು ದಿನ ಇಡುತ್ತೇವೆ. ಮೊಳಕೆ ಜೊತೆ ಅದೂ ಎದ್ದು ಬೆಳೆಯುತ್ತದೆ. ತೊಳೆದರೆ ಒಳಗಿದ್ದದ್ದು ಹೋಗುವುದಿಲ್ಲ. 2011ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಇ. ಕೋಲೈ ಸೋಂಕು ಹರಡಿದಾಗ ಆದದ್ದು ಇದೇ. ಮೊದಲು ಸ್ಪೇನ್‌ನ ಸೌತೆಕಾಯಿ ಮೇಲೆ ತಪ್ಪು ಹೊರಿಸಿದರು, ಪಾಪ ಆ ರೈತರು ಟನ್‌ಗಟ್ಟಲೆ ಸೌತೆಕಾಯಿ ಎಸೆದರು. ಕೊನೆಗೆ ಸಿಕ್ಕಿದ್ದು ಮೆಂತ್ಯ ಮೊಳಕೆ. ಜರ್ಮನಿಯಲ್ಲೇ 3,800ಕ್ಕೂ ಹೆಚ್ಚು ಜನ ಮಲಗಿದರು, 53 ಜನ ಸತ್ತರು. 70 ಡಿಗ್ರಿ ಮುಟ್ಟುವ ಹಾಗೆ ಬಿಸಿಯಾಗಲಿ, ಕಾಳಿನ ನಡುವಿನವರೆಗೆ. ಬರೀ ಒಗ್ಗರಣೆಯಲ್ಲಿ ಒಂದು ಸುತ್ತು ತಿರುಗಿಸಿದರೆ ಆಗುವುದಿಲ್ಲ.

ಬಸುರಿಯರು, 65 ದಾಟಿದವರು, ಐದರೊಳಗಿನ ಮಕ್ಕಳು, ಕಿಮೋಥೆರಪಿ ತರಹದ ಚಿಕಿತ್ಸೆಯಲ್ಲಿ ಇರುವವರು, ಇವರಿಗೆ ಲಿಸ್ಟೀರಿಯಾ ಕೊಡುವ ಏಟು ಬೇರೆಯೇ. ನೀವು ಕತ್ತರಿಸಿ ಇಟ್ಟು ಮಾರುವ ಹಣ್ಣು ಬಿಟ್ಟು, ಇಡೀ ಹಣ್ಣು ತಂದು ತೊಳೆದು, ಕತ್ತರಿಸಿದ ಕೂಡಲೇ ತಿನ್ನಿ. ಮಣ್ಣಿನ ಮೇಲೆ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯೂ ಇರಬಹುದು, ಅದಕ್ಕಾಗಿಯೂ ಗೆಡ್ಡೆ, ಸೊಪ್ಪು ಚೆನ್ನಾಗಿ ತೊಳೆಯಬೇಕು.

ಫ್ರೀಜರ್ ವಿಷಯದಲ್ಲಿ ಅಕ್ಕ ಹೇಳಿದ್ದು ತಪ್ಪು. 2012ರಲ್ಲಿ ಜರ್ಮನಿಯಲ್ಲೇ ಶಾಲೆಗಳಿಗೆ ಬಂದ ಫ್ರೋಜನ್ ಸ್ಟ್ರಾಬೆರಿಯಿಂದ ಸುಮಾರು 11,000 ಜನಕ್ಕೆ, ಹೆಚ್ಚಾಗಿ ಮಕ್ಕಳಿಗೆ, ವಾಂತಿ-ಭೇದಿ ತರುವ ನೊರೊವೈರಸ್ ಹತ್ತಿತು. ಹಿಮದಲ್ಲಿ ವೈರಸ್ ಸಾಯುವುದಿಲ್ಲ, ನಿದ್ದೆ ಮಾಡುತ್ತದೆ ಅಷ್ಟೇ.

ದೊಡ್ಡಪಾತ್ರೆ:

ಲ್ಯಾಬ್‌ನವರು ಯಾಕೆ ಎನ್ನುವುದನ್ನು ಹೇಳಿದ್ದಾರೆ, ನಾನು ಹೇಗೆ ಎನ್ನುವುದನ್ನು ಹೇಳುತ್ತೇನೆ.

ಸಿಂಕ್‌ನಿಂದ ಶುರು ಮಾಡಿ. ತರಕಾರಿಯನ್ನು ಸಿಂಕ್ ತುಂಬ ನೀರು ಬಿಟ್ಟು ಅದರಲ್ಲಿ ಮುಳುಗಿಸುವವರನ್ನು ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಐದು ನಿಮಿಷದ ಹಿಂದೆ ಅದೇ ಸಿಂಕ್‌ನಲ್ಲಿ ಕೋಳಿ ತೊಳೆದಿರುತ್ತಾರೆ. (ಕೋಳಿಯನ್ನು ತೊಳೆಯಲೇ ಬಾರದು, ಹನಿ ಸುತ್ತಲೂ ಸಿಡಿಯುತ್ತದೆ, ಆ ಜಗಳ ಇನ್ನೊಂದು ದಿನ ಆಡೋಣ.) ಮೊದಲು ನಿಮ್ಮ ಕೈ, ಸೋಪು ಹಾಕಿ 20 ಸೆಕೆಂಡ್. ಆಮೇಲೆ ತರಕಾರಿ.

ಲೆಟಿಸ್ ತರಹದ ಸೊಪ್ಪಿಗೆ ಬುಡ ಕತ್ತರಿಸಿ, ಹೊರಗಿನ ಎರಡು ಮೂರು ಎಲೆ ಎಸೆಯಿರಿ, ಆಸೆ ಬೇಡ. ಎಲೆ ಬಿಡಿಬಿಡಿಯಾಗಿ ನಲ್ಲಿ ಕೆಳಗೆ ಹಿಡಿದು ನಡುವಿನ ದಂಟಿನ ಒಳಬದಿಯಲ್ಲಿ ಹೆಬ್ಬೆರಳು ಓಡಿಸಿ. ಮಣ್ಣು ಕೂರುವುದು ಅಲ್ಲೇ, ದಂಟು ಬುಡಕ್ಕೆ ಅಗಲವಾಗುವ ಕಡೆ. ಕೊತ್ತಂಬರಿ ತರಹ ಸಣ್ಣ ಎಲೆಯಾದರೆ ಒಂದೊಂದೇ ಹಿಡಿಯಲು ಆಗುವುದಿಲ್ಲ. ಅಗಲವಾದ ಪಾತ್ರೆಯಲ್ಲಿ ಜಾಸ್ತಿ ನೀರು ಹಾಕಿ, ಅಲ್ಲಾಡಿಸಿ, ಸೊಪ್ಪನ್ನು ಕೈಯಿಂದ ಮೇಲೆತ್ತಿ ತೆಗೆಯಿರಿ. ಪಾತ್ರೆ ಬಗ್ಗಿಸಿ ಸೋಸಬೇಡಿ. ಬಗ್ಗಿಸಿದರೆ ತಳಕ್ಕೆ ಇಳಿದಿದ್ದ ಮರಳೆಲ್ಲ ವಾಪಸ್ ಸೊಪ್ಪಿನ ಮೇಲೇ ಬೀಳುತ್ತದೆ. ತಳದಲ್ಲಿ ಬೆರಳಾಡಿಸಿದಾಗ ಚುರುಚುರು ಎನ್ನುವುದು ನಿಲ್ಲುವ ತನಕ ನೀರು ಬದಲಿಸಿ, ಕೊನೆಗೆ ಜರಡಿಯಲ್ಲಿ ಹಾಕಿ ನಲ್ಲಿ ನೀರು ಬಿಡಿ. ಒಗೆದ ಬಟ್ಟೆಯಲ್ಲಿ ಸುತ್ತಿ ಒದ್ದೆ ತೆಗೆಯಿರಿ. ಪಾತ್ರೆ ಒರೆಸುವ ಬಟ್ಟೆ ಅಲ್ಲ. ತಂದ ದಿನವೇ ಎಲ್ಲ ತೊಳೆದು ಒದ್ದೆ ಒದ್ದೆಯಾಗಿ ಫ್ರಿಜ್‌ಗೆ ತುಂಬಿದರೆ ಲೋಳೆ ಹಿಡಿಯುತ್ತದೆ. ತಿನ್ನುವ ಮುಂಚೆ ತೊಳೆಯಿರಿ. ತೊಳೆದದ್ದು, ತಿನ್ನಲು ಸಿದ್ಧ ಎಂದು ಬರೆದ ಪ್ಯಾಕೆಟ್ ಎಲೆ ಬರುತ್ತದಲ್ಲ, ಅದನ್ನು ಮತ್ತೆ ತೊಳೆಯಬೇಡಿ. ಮನೆ ಸಿಂಕ್‌ನ ಕೊಳೆ ಅದಕ್ಕೆ ಅಂಟಿಸಿದ ಹಾಗಾಗುತ್ತದೆ.

ಗಟ್ಟಿ ಕಾಯಿಗೆ ಬ್ರಷ್. ಕ್ಯಾರೆಟ್ ಮೊದಲು ತೊಳೆದು ಆಮೇಲೆ ಸಿಪ್ಪೆ ಹೆರೆಯಿರಿ, ತಿರುಗಾಮುರುಗಾ ಮಾಡಿದರೆ ಹೆರೆಯುವ ಅಲಗೇ ಮಣ್ಣನ್ನು ಒಳಗೆ ಸವರುತ್ತದೆ. ಸ್ಟ್ರಾಬೆರಿಯ ತೊಟ್ಟು ತೊಳೆದ ಮೇಲೆ ಕೀಳಿ. ಪೆಟ್ಟಾಗಿ ಮೆತ್ತಗಾದ ಜಾಗ ಧಾರಾಳವಾಗಿ ಕತ್ತರಿಸಿ ಎಸೆಯಿರಿ.

ಟೊಮೆಟೊಗೆ ಒಂದು ಗುಟ್ಟು. ಬಿಸಿಲಲ್ಲಿ ಬೆಚ್ಚಗಾದ ಟೊಮೆಟೊವನ್ನು ಐಸ್ ತರಹದ ನೀರಿನಲ್ಲಿ ಮುಳುಗಿಸಬಾರದು ಎಂದು ನಮ್ಮ ಮೇಸ್ತ್ರಿ ಬೈಯುತ್ತಿದ್ದರು, ಯಾಕೆ ಎಂದು ಅವರಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ.

ಪೆಟ್ರಿತಟ್ಟೆ:

ನಿಮ್ಮ ಮೇಸ್ತ್ರಿ ಬೈದದ್ದು ಸರಿ. ಹಣ್ಣಿನೊಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ತೊಟ್ಟಿನ ಗಾಯದಿಂದ ಹೊರಗಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರಲ್ಲಿ ಏನಿದೆಯೋ ಅದೂ ಒಳಗೆ. 1999ರಲ್ಲಿ ಅಮೆರಿಕದ 13 ರಾಜ್ಯಗಳಲ್ಲಿ 78 ಜನಕ್ಕೆ ಮಾವಿನಹಣ್ಣಿನಿಂದ ಸಾಲ್ಮೊನೆಲ್ಲಾ ಬಂದದ್ದಕ್ಕೂ ಇದೇ ಕಾರಣ ಇರಬೇಕು ಎಂದು ತನಿಖೆ ಮಾಡಿದವರು ಹೇಳಿದ್ದಾರೆ. ಬ್ರೆಜಿಲ್‌ನಲ್ಲಿ ಹಣ್ಣುನೊಣದ ಮರಿ ಸಾಯಲಿ ಎಂದು ಹಣ್ಣನ್ನು ಬಿಸಿನೀರಿನಲ್ಲಿ ಅದ್ದಿ, ಆಮೇಲೆ ತಣ್ಣೀರಿಗೆ ಹಾಕಿದ್ದರು. ಮನೆಯಲ್ಲಿ ನಲ್ಲಿ ನೀರು ಹರಿಬಿಟ್ಟು ತೊಳೆದರೆ ಇದರ ಚಿಂತೆ ಬೇಡ, ಮುಳುಗಿಸಿ ಇಡುವವರಿಗೆ ಈ ಮಾತು.

ಮೂರನೇ_ಒಲೆ:

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು ನನ್ನ ಕಥೆ. ಇರಲಿ.

ನಿನ್ನೆ ಎರಡು ಕೆಲಸ ಮಾಡಿದೆ. ಗೀರುಬಿದ್ದ ಆ ಹಲಗೆ ಎಸೆದು ಎರಡು ಹೊಸದು ತಂದೆ, ಕೆಂಪು ಮಾಂಸಕ್ಕೆ, ಹಸಿರು ಉಳಿದದ್ದಕ್ಕೆ. ಆಮೇಲೆ ಒಂದು ಕರ್ಬೂಜ ತಂದೆ, ಹೆದರಿಕೆ ಬಿಡಲಿ ಎಂದು. ಹೊಸ ಬ್ರಷ್ ಹಿಡಿದು ನಲ್ಲಿ ಕೆಳಗೆ ಉಜ್ಜಿದೆ. ನೋಡಲು ಶುಭ್ರವಾಗಿಯೇ ಇತ್ತು ಕಣ್ರೀ, ಆದರೆ ಮೊದಲ ಅರ್ಧ ನಿಮಿಷ ಚಹಾ ಬಣ್ಣದ ನೀರು ಇಳಿಯಿತು. ತೊಟ್ಟಿದ್ದ ಗುಳಿಯಲ್ಲಿ ಬ್ರಷ್ ತುದಿ ತಿರುಗಿಸಿದಾಗ ಕಪ್ಪಗೆ ಒಂದು ಉಂಡೆ ಬಂತು. ಮಾವ ಪಕ್ಕದಲ್ಲೇ ನಿಂತು "ಸಿಪ್ಪೆ ತಿನ್ನಲ್ಲ ತಾನೇ" ಎಂದರು. ಏನೂ ಹೇಳದೆ ಬ್ರಷ್ ತೋರಿಸಿದೆ. ಒರೆಸಿ, ಕೈ ತೊಳೆದು, ಹಸಿರು ಹಲಗೆ ಮೇಲೆ ಕತ್ತರಿಸಿದೆ. ಎಲ್ಲರೂ ಅಲ್ಲೇ ನಿಂತು ತಿಂದು ಮುಗಿಸಿದೆವು, ಉಳಿದ ಅರ್ಧ ಡಬ್ಬಿಗೆ ಹಾಕಿ ಫ್ರಿಜ್‌ಗೆ. ಗೆಳೆಯನಿಗೂ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ನಾವೂ ತೊಳೆಯಲ್ಲ ಮಾರಾಯ" ಎಂದ.

ಈಗ ಉಳಿದ ಪ್ರಶ್ನೆ ಆ ಬ್ರಷ್‌ನದು. ಅದನ್ನು ಏನು ಮಾಡಬೇಕು?

ದೊಡ್ಡಪಾತ್ರೆ:

ಬಿಸಿನೀರು, ಸೋಪು ಹಾಕಿ ತೊಳೆದು, ಕೂದಲು ಕೆಳಗೆ ಬರುವ ಹಾಗೆ ಗಾಳಿಗೆ ನೇತುಹಾಕಿ. ಒದ್ದೆ ಬ್ರಷ್ ಸಿಂಕ್ ಮೂಲೆಯಲ್ಲಿ ಬಿಸಾಡಬೇಡಿ. ಪಾತ್ರೆಗೆ ಬೇರೆ ಬ್ರಷ್ ಇಟ್ಟುಕೊಳ್ಳಿ, ಮಾವನಿಗೆ ಯಾವುದು ಯಾವುದಕ್ಕೆ ಎಂದು ತೋರಿಸಿಕೊಡಿ.